ಡಬ್ಬಿಯ ಬದಿಯ ಸಣ್ಣ ಅಕ್ಷರ: ಫೋನ್, ಕೂಲರ್, ಫ್ರಿಜ್ ಕೊಳ್ಳುವಾಗ ಏನು ಓದಬೇಕು

ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆದು ಮುಗಿಯಿತೆಂದರೆ ಬೇಸಿಗೆ ಮನೆಯೊಳಗೇ ಬಂದು ಕೂತಂತೆ. ಸೂಪರ್ ಮಾರ್ಕೆಟ್ ಕಡೆ ಹೋದರೆ ಅಂಗಡಿಗಳ ಮುಂದೆ ತಗಡಿನ ಕೂಲರುಗಳು ಎದೆಯೆತ್ತರಕ್ಕೆ ಸಾಲಾಗಿ ನಿಂತಿರುತ್ತವೆ. ತೊಗರಿ ಮಾರಿದ ದುಡ್ಡಿನಲ್ಲಿ ಉಳಿದದ್ದು ಈ ಹೊತ್ತಿಗೆ ಫ್ರಿಜ್ಜಿಗೋ, ಮಗನ ಫೋನಿಗೋ, ಮಗಳ ಮದುವೆಯ ಸಾಮಾನಿಗೋ ಹೋಗುತ್ತದೆ.

ಮೊನ್ನೆ ಅಂಥದೊಂದು ಅಂಗಡಿಯಲ್ಲಿ ನಿಂತಿದ್ದೆ. ಆಳಂದ ಕಡೆಯ ಹಿರಿಯರೊಬ್ಬರು ಮೊಮ್ಮಗಳಿಗೆ ಫೋನ್ ಕೊಳ್ಳುತ್ತಿದ್ದರು. ಅಂಗಡಿ ಹುಡುಗ ಹೇಳಿದ: "ಬಿಲ್ ಬೇಕಂದ್ರ ಮ್ಯಾಲ ಜಿಎಸ್‌ಟಿ ಬೀಳ್ತದ ನೋಡ್ರಿ ಕಾಕಾ. ಬ್ಯಾಡಂದ್ರ ಸಾವಿರ ರೂಪಾಯಿ ಬಿಡ್ತೀನಿ." ಹಿರಿಯರು ನನ್ನ ಕಡೆ ತಿರುಗಿ, "ಹಂಗಾದ್ರ ಬಿಲ್ ತಗೊಂಡ್ರ ಏನ್ ಫಾಯ್ದಾ ಅದರೀ?" ಎಂದರು.

ನ್ಯಾಯವಾದ ಪ್ರಶ್ನೆಯೇ. ಬಿಲ್ಲಿನ ಮೇಲೆ, ಡಬ್ಬಿಯ ಬದಿಗೆ, ಯಂತ್ರದ ಬೆನ್ನಿಗೆ ಅಂಟಿಸಿದ ಪಟ್ಟಿಯಲ್ಲಿ ಇರುವ ಅಂಕಿಗಳನ್ನು ನಾವು ಓದುವುದು ಕಡಿಮೆ. ಮಾರುವವನ ಬಾಯನ್ನೇ ನೋಡುತ್ತೇವೆ. ಆ ಅಂಕಿಗಳು ಏನು ಹೇಳುತ್ತವೆ, ಅವುಗಳಿಂದ ದುಡ್ಡೂ ಜೀವವೂ ಹೇಗೆ ಉಳಿಯುತ್ತವೆ ಎಂಬುದನ್ನು ಮೊದಲಿನಿಂದ ನೋಡೋಣ.

ಕಚ್ಚಾ ಚೀಟಿ, ಪಕ್ಕಾ ಬಿಲ್

ಡಬ್ಬಿಯ ಮೇಲೆ ಎಂಆರ್‌ಪಿ ಎಂದು ಅಚ್ಚಾಗಿರುವುದು ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಜಿಎಸ್‌ಟಿ ಬೀಳುವ ಪ್ರಶ್ನೆಯೇ ಇಲ್ಲ. ಮೊಬೈಲ್ ಫೋನಿಗೆ ಜಿಎಸ್‌ಟಿ ಶೇ 18. ಅಂದರೆ 11,800 ರೂಪಾಯಿಯ ಫೋನಿನಲ್ಲಿ ಮಾಲಿನ ಬೆಲೆ 10,000, ತೆರಿಗೆ 1,800. ಬಿಲ್ ಇಲ್ಲದೆ ಕೊಟ್ಟಾಗ ಅಂಗಡಿಯವನು ಈ 1,800ರಲ್ಲಿ ಸಾವಿರ ನಿಮಗೆ ಬಿಟ್ಟು ಉಳಿದದ್ದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಆ ಸಾವಿರಕ್ಕೆ ನೀವು ಬಿಟ್ಟುಕೊಡುವುದು ವಾರಂಟಿ, ಕಳುವಾದರೆ ದೂರು ಕೊಡಲು ಬೇಕಾದ ದಾಖಲೆ, ಮತ್ತು ಮಾಲು ಕೆಟ್ಟರೆ ವಾದಿಸುವ ಹಕ್ಕಿನ ಬುಡ.

2025ರ ಸೆಪ್ಟೆಂಬರ್ 22ರಿಂದ ಎಸಿ ಮತ್ತು 32 ಇಂಚಿಗಿಂತ ದೊಡ್ಡ ಟಿವಿಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಫೋನಿನದು ಮೊದಲೇ 18 ಇದ್ದುದರಿಂದ ಅದರಲ್ಲಿ ಏನೂ ಬದಲಾಗಲಿಲ್ಲ. "ಜಿಎಸ್‌ಟಿ ಇಳಿದದ, ಫೋನ್ ಯಾಕ ಇಳಿಲಿಲ್ಲ" ಎಂದು ಅಂಗಡಿಯಲ್ಲಿ ಜಗಳವಾಡಿದವರಿಗೆ ಇದು ಉತ್ತರ.

ಪಕ್ಕಾ ಬಿಲ್ ಎಂದರೆ ಯಾವುದು? ಅದರಲ್ಲಿ ಅಂಗಡಿಯ 15 ಅಕ್ಷರ–ಅಂಕಿಗಳ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ, ತಾರೀಖು, ಮಾಡೆಲ್ ಹೆಸರು, ತೆರಿಗೆಯ ಲೆಕ್ಕ ಇರಬೇಕು. ಫೋನಾದರೆ ಅದರ ಗುರುತಿನ ಸಂಖ್ಯೆಯಾದ ಐಎಂಇಐ, ಬೇರೆ ಯಂತ್ರವಾದರೆ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಗಡಿ ಜಿಲ್ಲೆಯವರಾದ ನಮಗೆ ಇನ್ನೊಂದು ಸುಳಿವೂ ಇದೆ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯವನ್ನು ತೋರಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36. ಬೀದರಿನವರು ಹೈದರಾಬಾದಿಗೂ ಅಫಜಲಪುರದವರು ಸೊಲ್ಲಾಪುರಕ್ಕೂ ಹೋಗಿ ಮಾಲು ತರುವುದು ಹೊಸದೇನಲ್ಲ, ತಪ್ಪೂ ಅಲ್ಲ. ಆದರೆ ಕಲಬುರಗಿಯ ಅಂಗಡಿಯೊಂದು 36ರಿಂದ ಶುರುವಾಗುವ ಬಿಲ್ ಕೊಟ್ಟರೆ ಮಾಲು ಯಾರದು, ಮಾರಿದವರು ಯಾರು ಎಂದು ಕೇಳಲೇಬೇಕು.

ಬಿಲ್ಲಿನ ಕಾಗದದ ಬಗ್ಗೆ ನನ್ನದೇ ಒಂದು ಪಾಠವಿದೆ. ನಾನು ಕೊಂಡ ಫ್ರಿಜ್ಜಿನ ಕಂಪ್ರೆಸರ್ ಒಂಬತ್ತನೇ ತಿಂಗಳಿಗೆ ಸುಮ್ಮನಾಯಿತು. ಕಪಾಟಿನ ಮೇಲಿನ ಡಬ್ಬಿಯಿಂದ ಬಿಲ್ ತೆಗೆದರೆ ಬಿಳಿ ಹಾಳೆ. ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿದರೂ ಉಳಿದದ್ದು ಅಂಗಡಿಯ ಹೆಸರಿನ ಕೆಂಪು ಅಚ್ಚು ಮಾತ್ರ. ನುಣುಪು ಕಾಗದದ ಆ ಬಿಲ್ಲುಗಳಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿದಲ್ಲಿ ಕಪ್ಪಾಗಿ ಅಕ್ಷರ ಮೂಡುತ್ತದೆ, ಕ್ರಮೇಣ ಬಿಸಿಲು, ಶಾಖಕ್ಕೆ ಮಾಸುತ್ತದೆ. ನಮ್ಮೂರಿನ ಮಾಳಿಗೆಯ ಕೆಳಗಿನ ಕಪಾಟು ಮೇ ತಿಂಗಳಲ್ಲಿ ಹೇಗಿರುತ್ತದೆಂದು ನಿಮಗೆ ಗೊತ್ತು. ಬಿಲ್ ಕೈಗೆ ಬಂದ ಕೂಡಲೇ ಫೋಟೊ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ.

ಐಎಂಇಐ: ಫೋನಿನ ಚಾಸಿ ನಂಬರ್

ಗಾಡಿಗೆ ಚಾಸಿ ನಂಬರ್ ಇದ್ದಂತೆ ಪ್ರತಿ ಫೋನಿಗೂ 15 ಅಂಕಿಗಳ ಒಂದು ಗುರುತಿನ ಸಂಖ್ಯೆ ಇದೆ. ಅದೇ ಐಎಂಇಐ. ಎರಡು ಸಿಮ್ ಫೋನಿಗೆ ಎರಡು ಸಂಖ್ಯೆ. ಮೊದಲ ಎಂಟು ಅಂಕಿ ಯಾವ ಕಂಪನಿಯ ಯಾವ ಮಾಡೆಲ್ ಎಂದು ಹೇಳುತ್ತವೆ, ಮುಂದಿನ ಆರು ಆ ಒಂದು ಫೋನಿನ ಸ್ವಂತ ಸಂಖ್ಯೆ, ಕೊನೆಯದು ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿ.

ಅಂಗಡಿಯಲ್ಲೇ ಫೋನ್ ಚಾಲೂ ಮಾಡಿಸಿ, ಕರೆ ಮಾಡುವ ಜಾಗದಲ್ಲಿ *#06# ಒತ್ತಿ. ಸಂಖ್ಯೆ ತೆರೆಯ ಮೇಲೆ ಬರುತ್ತದೆ. ತೆರೆಯ ಮೇಲಿನದು, ಡಬ್ಬಿಯ ಮೇಲಿನದು, ಬಿಲ್ಲಿನಲ್ಲಿ ಬರೆದದ್ದು ಮೂರೂ ಒಂದೇ ಆಗಿರಬೇಕು. ಡಬ್ಬಿಯದು ಒಂದು, ಫೋನಿನದು ಇನ್ನೊಂದು ಆಗಿದ್ದರೆ ಡಬ್ಬಿ ಬೇರೆ ಫೋನಿನದು ಅಥವಾ ಫೋನಿನ ಸಂಖ್ಯೆಯನ್ನೇ ತಿದ್ದಿದ್ದಾರೆ.

ಇಷ್ಟಾದ ಮೇಲೂ ಅನುಮಾನವೇ? ಎಸ್ಸೆಮ್ಮೆಸ್ಸಿನಲ್ಲಿ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಒಂದು ಜಾಗ ಬಿಟ್ಟು, 15 ಅಂಕಿಯ ಸಂಖ್ಯೆ ಹಾಕಿ 14422ಕ್ಕೆ ಕಳಿಸಿ. 'ನಿಮ್ಮ ಮೊಬೈಲ್ ತಿಳಿಯಿರಿ' ಎಂಬ ಈ ವ್ಯವಸ್ಥೆ ಕೇಂದ್ರ ದೂರಸಂಪರ್ಕ ಇಲಾಖೆಯದು. ಇಲಾಖೆಯ ಸಂಚಾರ್ ಸಾಥಿ ಆ್ಯಪಿನಲ್ಲೂ ಇದೇ ಕೆಲಸ ಆಗುತ್ತದೆ. ಉತ್ತರದಲ್ಲಿ ಕಪ್ಪುಪಟ್ಟಿಗೆ ಸೇರಿದೆ, ನಕಲು, ಈಗಾಗಲೇ ಬಳಕೆಯಲ್ಲಿದೆ ಎಂಬ ಅರ್ಥದ ಮಾತು ಬಂದರೆ ಆ ಫೋನನ್ನು ಮುಟ್ಟಬೇಡಿ. ಐಎಂಇಐ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧ. ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ತಿದ್ದಿದ್ದು ಎಂದು ಗೊತ್ತಿದ್ದೂ ಇಟ್ಟುಕೊಂಡವರಿಗೂ ಇದು ತಪ್ಪಿದ್ದಲ್ಲ.

ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಫೋನ್ ಕಳುವಾಯಿತೆನ್ನಿ. ಪೊಲೀಸ್ ದೂರಿನ ಪ್ರತಿ ಇಟ್ಟುಕೊಂಡು ಸಂಚಾರ್ ಸಾಥಿಯಲ್ಲಿ ಈ ಸಂಖ್ಯೆಯನ್ನು ಬ್ಲಾಕ್ ಮಾಡಿಸಬಹುದು. ಆಮೇಲೆ ಅದಕ್ಕೆ ಯಾವ ಸಿಮ್ ಹಾಕಿದರೂ ದೇಶದ ಯಾವ ಜಾಲದಲ್ಲೂ ಅದು ನಡೆಯುವುದಿಲ್ಲ. ಹಾಕಿದವರ ಸುಳಿವೂ ಪೊಲೀಸರಿಗೆ ಸಿಗುತ್ತದೆ. ಇದಕ್ಕೆಲ್ಲ ಬೇಕಾದದ್ದು ಆ 15 ಅಂಕಿ. ಫೋನ್ ಹೋದ ಮೇಲೆ ಅದರಲ್ಲಿ *#06# ಒತ್ತಲು ಬರುವುದಿಲ್ಲ. ಬಿಲ್ಲಿನಿಂದ ಏನು ಫಾಯ್ದೆ ಎಂದು ಕೇಳಿದ ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ. ಅವರು ಬಿಲ್ ಬರೆಸಿಕೊಂಡರು. ಹುಡುಗ ಮುಖ ಸಿಂಡರಿಸಿದ.

ಐಎಸ್‌ಐ ಗುರುತು, ಆರ್ ಸಂಖ್ಯೆ

ಬಂಗಾರಕ್ಕೆ ಹಾಲ್‌ಮಾರ್ಕ್ ನೋಡುವ ನಮ್ಮ ಹೆಣ್ಣುಮಕ್ಕಳು ನೂರು ರೂಪಾಯಿ ಚಾರ್ಜರಿಗೆ ಏನನ್ನೂ ನೋಡುವುದಿಲ್ಲ. ಗಂಡಸರಂತೂ ಎರಡನ್ನೂ ನೋಡುವುದಿಲ್ಲ. ಎರಡಕ್ಕೂ ಮುದ್ರೆ ಕೊಡುವುದು ಒಂದೇ ಸಂಸ್ಥೆ, ಭಾರತೀಯ ಮಾನಕ ಬ್ಯೂರೊ, ಅಂದರೆ ಬಿಐಎಸ್.

ವಿದ್ಯುತ್ ಸಾಮಾನಿಗೆ ಅದರ ಗುರುತು ಎರಡು ಬಗೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡ್, ಗೀಸರ್, ಸ್ವಿಚ್, ಮೂರು ಪಿನ್ನಿನ ಪ್ಲಗ್, ವೈರ್ ಇಂಥವಕ್ಕೆ ಐಎಸ್‌ಐ ಗುರುತು ಕಡ್ಡಾಯ. ಬರೀ ಗುರುತು ಸಾಲದು. ಅದರ ನೆತ್ತಿಯ ಮೇಲೆ ಮಾನಕದ ಸಂಖ್ಯೆ ಇರಬೇಕು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದ ಐಎಸ್‌ಐ ಎಂದರೆ ನಂಬರ್ ಪ್ಲೇಟಿಲ್ಲದ ಗಾಡಿ. ಮೊಬೈಲ್, ಚಾರ್ಜರ್, ಪವರ್ ಬ್ಯಾಂಕ್ ಇಂಥ ಎಲೆಕ್ಟ್ರಾನಿಕ್ ಸಾಮಾನಿಗೆ ಬೇರೆ ಪದ್ಧತಿ: ಆರ್ ಎಂಬ ಇಂಗ್ಲಿಷ್ ಅಕ್ಷರ, ಗೆರೆ, ಮುಂದೆ ಎಂಟು ಅಂಕಿ. ಈ ಎರಡೂ ಬಗೆಯ ಸಂಖ್ಯೆಗಳನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಯಾವ ಸಾಮಾನಿಗೆ ಕೊಟ್ಟದ್ದು, ಇನ್ನೂ ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಚಾರ್ಜರಿನ ಸಂಖ್ಯೆ ಹಾಕಿದರೆ ಯಾವುದೋ ಬಲ್ಬಿನ ಕಂಪನಿ ಬಂದರೆ ಆ ಗುರುತು ಕದ್ದದ್ದು.

ಚಾರ್ಜರಿನ ವಿಷಯದಲ್ಲಿ ಇಷ್ಟು ಬಿಗಿ ಏಕೆ? ಚಾರ್ಜರಿನ ಒಂದು ಬದಿಗೆ ಗೋಡೆಯ 230 ವೋಲ್ಟ್, ಇನ್ನೊಂದು ಬದಿಗೆ ನಿಮ್ಮ ಕೈಯಲ್ಲಿರುವ ಫೋನಿಗೆ ಹೋಗುವ ಐದೋ ಒಂಬತ್ತೋ ವೋಲ್ಟ್. ಎರಡರ ನಡುವೆ ವಿದ್ಯುತ್ ದಾಟದಂಥ ಗಟ್ಟಿ ಅಂತರ ಇರಬೇಕು. ಅಗ್ಗದ ನಕಲಿ ಮಾಲಿನಲ್ಲಿ ಮೊದಲು ಉಳಿತಾಯ ಮಾಡುವುದೇ ಈ ಅಂತರದಲ್ಲಿ, ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರಿನಲ್ಲಿ. ಅದಕ್ಕೇ ನಕಲಿ ಚಾರ್ಜರ್ ಕೈಗೆ ಹಗುರಾಗಿರುತ್ತದೆ. ಆ ಅಂತರ ಕುಸಿದರೆ 230 ವೋಲ್ಟ್ ನೇರ ಕಿವಿಗಿಟ್ಟ ಫೋನಿಗೆ ಬರುತ್ತದೆ. ಚಾರ್ಜಿಗಿಟ್ಟ ಫೋನಿನಲ್ಲಿ ಮಾತಾಡಬೇಡಿ ಎನ್ನುವುದು ಹೆದರಿಸುವ ಮಾತಲ್ಲ.

ಬಿಸಿಯ ಮಾತೂ ಇದೆ. ಸುತ್ತಲಿನ ಗಾಳಿ 35 ಡಿಗ್ರಿ ಮೀರದಲ್ಲಿ ಬಳಸಿ ಎಂದು ಹಲವು ಫೋನ್ ಕಂಪನಿಗಳು ಹೇಳುತ್ತವೆ. ಮೇ ತಿಂಗಳ ಕಲಬುರಗಿಯಲ್ಲಿ ಅದು ಬೆಳಗಿನ ಹತ್ತು ಗಂಟೆಗೇ ಮೀರಿರುತ್ತದೆ. ಮಧ್ಯಾಹ್ನ ಬೈಕಿನ ಡಬ್ಬಿಯಲ್ಲಿ ಫೋನ್ ಇಡುವುದು, ರಾತ್ರಿ ದಿಂಬಿನ ಕೆಳಗೆ ಚಾರ್ಜಿಗೆ ಹಾಕುವುದು ಎರಡೂ ಬ್ಯಾಟರಿಯನ್ನು ಬೇಯಿಸಿದಂತೆ. ಹಿಂದಿನ ಮುಚ್ಚಳ ಉಬ್ಬಿದ ಫೋನನ್ನು ಅದುಮಿ ಕೂರಿಸಬೇಡಿ, ಬಳಕೆ ನಿಲ್ಲಿಸಿ.

ವೋಲ್ಟ್, ಆಂಪ್, ವ್ಯಾಟ್: ನಳದ ನೀರಿನ ಲೆಕ್ಕ

ಮಾಳಿಗೆಯ ಟಾಕಿ ಎಷ್ಟು ಎತ್ತರದಲ್ಲಿದೆಯೋ ನಳದಲ್ಲಿ ಅಷ್ಟು ಒತ್ತಡ. ಆ ಒತ್ತಡ ವೋಲ್ಟ್. ಪೈಪಿನಲ್ಲಿ ಹರಿಯುವ ನೀರಿನ ಪ್ರಮಾಣ ಆಂಪ್. ಎರಡನ್ನೂ ಗುಣಿಸಿದರೆ ಸಿಗುವ ಕೆಲಸದ ಶಕ್ತಿ ವ್ಯಾಟ್. ಇಷ್ಟು ಗೊತ್ತಿದ್ದರೆ ಮನೆಯ ಬೋರ್ಡ್ ಓದಲು ಬರುತ್ತದೆ.

ಮನೆಯ ಸಣ್ಣ ಸಾಕೆಟ್ 6 ಆಂಪಿನದು. 230ನ್ನು 6ರಿಂದ ಗುಣಿಸಿದರೆ 1,380 ವ್ಯಾಟ್. ಅದಕ್ಕಿಂತ ಹೆಚ್ಚಿನದನ್ನು ಅದಕ್ಕೆ ಚುಚ್ಚಬಾರದು. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಗ್ಗುತ್ತದೆ. 1,500 ವ್ಯಾಟಿನ ರಾಡ್ ಆರೂವರೆ ಆಂಪ್ ಎಳೆಯುತ್ತದೆ, ಒಗ್ಗುವುದಿಲ್ಲ. 2,000 ವ್ಯಾಟಿನ ಗೀಸರಿಗೆ 8.7 ಆಂಪ್ ಬೇಕು, ಅದಕ್ಕೆ 16 ಆಂಪಿನ ದೊಡ್ಡ ಸಾಕೆಟ್ಟೇ ಆಗಬೇಕು. ಅದರ ಹಿಂದಿನ ತಾಮ್ರದ ವೈರ್ ಕನಿಷ್ಠ 2.5 ಚದರ ಮಿಲಿಮೀಟರಿನದಿರಬೇಕು. ತೆಳು ವೈರಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ರಾಡ್ ಹಾಕಿ ಸ್ನಾನದ ನೀರು ಕಾಯಿಸುವ ಮನೆಗಳಲ್ಲಿ ಆ ಬೋರ್ಡಿನ ಪ್ಲಾಸ್ಟಿಕ್ ಹಳದಿಯಾಗಿ ಸುಟ್ಟ ವಾಸನೆ ಹೊಡೆಯುವುದನ್ನು ನೋಡಿರುತ್ತೀರಿ. ಕಾರಣ ಇದೇ.

ಹಳ್ಳಿಗಳಲ್ಲಿ ಕರೆಂಟು ಬಂದರೂ ವೋಲ್ಟೇಜ್ ಇರುವುದಿಲ್ಲ. ಒತ್ತಡ ಕುಸಿದಾಗ ಫ್ರಿಜ್, ಎಸಿಗಳ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಆಂಪ್ ಎಳೆದು ಕಾಯುತ್ತದೆ, ಸುರುಳಿ ಸುಡುತ್ತದೆ. ಅಂಗಡಿಯವರು "ಇದಕ್ಕ ಸ್ಟೆಬಿಲೈಸರ್ ಬೇಕಾಗಿಲ್ರಿ" ಎಂದರೆ ಡಬ್ಬಿಯ ಮೇಲಿನ ವೋಲ್ಟೇಜ್ ಮಿತಿ ಓದಿ. 160ರಿಂದ 260 ಎಂದು ಬರೆದಿದ್ದರೆ ಆ ಎರಡು ಅಂಕಿಗಳ ನಡುವೆ ಮಾತ್ರ ಆ ಮಾತು ನಿಜ. ನಿಮ್ಮೂರಲ್ಲಿ ಸಂಜೆ 140ಕ್ಕೆ ಇಳಿಯುವುದಾದರೆ ಸ್ಟೆಬಿಲೈಸರ್ ಬೇಕೇ ಬೇಕು. ಕರೆಂಟ್ ಹೋಗಿ ಬಂದ ಮೇಲೆ ಮೂರು ನಿಮಿಷ ತಡೆದು ಚಾಲೂ ಮಾಡುವ ಬಗೆಯದು ಕಂಪ್ರೆಸರಿಗೆ ಒಳ್ಳೆಯದು.

ಕೂಲರ್ ಜುಂ ಅನ್ನುವುದು ಯಾಕೆ

ನಮ್ಮ ಚಿಗವ್ವ ಪ್ರತಿ ಬೇಸಿಗೆಗೂ ಒಂದು ಮಾತು ಹೇಳುತ್ತಿದ್ದಳು: "ಕೂಲರ್ ಮುಟ್ಟಿದ್ರ ಸ್ವಲ್ಪ ಜುಂ ಅಂತದ, ಚಪ್ಪಲಿ ಹಾಕ್ಕೊಂಡು ನೀರು ಹಾಕ್ರಿ." ಮನೆಮಂದಿಯೆಲ್ಲ ಚಪ್ಪಲಿ ಹಾಕಿಕೊಂಡು ನೀರು ಹಾಕುತ್ತಿದ್ದರು. ಜುಂ ಅನ್ನುವುದನ್ನು ಯಾರೂ ಸರಿಮಾಡಿಸಿರಲಿಲ್ಲ. ನನಗೆ ತಿಳಿದಂತೆ ಈ ಭಾಗದ ಅರ್ಧ ಮನೆಗಳ ಕಥೆ ಹೀಗೇ.

ಆಗುವುದು ಇಷ್ಟು. ತಗಡಿನ ಪೆಟ್ಟಿಗೆ, ಒಳಗೆ ನೀರು, ನೀರಿನಲ್ಲಿ ಪಂಪು, ಪಂಪಿಗೊಂದು ವೈರು. ವೈರಿನ ಹೊದಿಕೆ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಹರಿದಿರುತ್ತದೆ, ಅಥವಾ ಪಂಪಿನೊಳಗೆ ನೀರು ಇಳಿದಿರುತ್ತದೆ. ವಿದ್ಯುತ್ ತಗಡಿಗೆ ಸೋರುತ್ತದೆ. ಸೋರಿದ ವಿದ್ಯುತ್ತಿಗೆ ಹೇಗಾದರೂ ನೆಲ ಸೇರಬೇಕು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ತಗಡು ಮುಟ್ಟಿದವರ ಮೈಯೇ ಅದಕ್ಕೆ ದಾರಿ.

ಅರ್ಥಿಂಗ್ ಅಂದರೆ ಅದಕ್ಕೆ ಮೊದಲೇ ತೋಡಿಟ್ಟ ಕಾಲುವೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉದ್ದವಾಗಿ ದಪ್ಪಗೆ ಇರುವುದನ್ನು ಗಮನಿಸಿ. ಚುಚ್ಚುವಾಗ ಅದು ಮೊದಲು ಸೇರಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದೇ ಹಾಗೆ ಮಾಡಿದ್ದಾರೆ. ಅದನ್ನು ಕತ್ತರಿಸಿ ಎರಡು ಪಿನ್ ಮಾಡಿಕೊಂಡರೆ ಕಾಲುವೆ ಮುಚ್ಚಿದಂತೆ. ಎರಡೇ ಪಿನ್ನಿನ ಸಾಮಾನೆಲ್ಲ ಅಪಾಯ ಎಂದಲ್ಲ. ಚೌಕದೊಳಗೊಂದು ಚೌಕದ ಚಿತ್ರ ಇದ್ದರೆ ಅದು ಇಮ್ಮಡಿ ಹೊದಿಕೆಯದು, ಅರ್ಥ್ ಬೇಡ. ತಗಡಿನ ಕೂಲರಿಗೆ ಆ ಚಿತ್ರ ಇರುವುದಿಲ್ಲ.

ಕಾಲುವೆ ಇದ್ದರೂ ಅದರ ಕೊನೆಯ ಗುಂಡಿ, ಅಂದರೆ ಅರ್ಥ್ ವೈರ್ ನೆಲ ಸೇರುವ ಜಾಗ, ಹಸಿಯಾಗಿರಬೇಕು. ನಮ್ಮದು ಎರೆಭೂಮಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಒಣಗಿದ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೂಲರ್ ಓಡುವ ತಿಂಗಳುಗಳಲ್ಲೇ ಅರ್ಥಿಂಗ್ ಸೋಲುವುದು ಇದರಿಂದ. ವಾರಕ್ಕೆರಡು ಸಲ ಆ ಗುಂಡಿಗೆ ಒಂದೆರಡು ಕೊಡ ನೀರು ಸುರಿಯಿರಿ.

"ನಮ್ಮನ್ಯಾಗ ಎಂಸಿಬಿ ಅದ" ಎನ್ನುವವರಿಗೆ ಒಂದು ಲೆಕ್ಕ. ಎಂಸಿಬಿ ಅಂದರೆ ಹೊರೆ ಹೆಚ್ಚಾದಾಗ ತಾನಾಗಿ ಬೀಳುವ ಸ್ವಿಚ್. 6 ಆಂಪಿನದು 6,000 ಮಿಲಿಆಂಪ್ ಮೀರಿದ ಮೇಲೆ ಬೀಳುವಂಥದ್ದು. ಮನುಷ್ಯನ ಜೀವಕ್ಕೆ 30 ಮಿಲಿಆಂಪಿನ ಸುತ್ತಲೇ ಅಪಾಯ. 200 ಪಟ್ಟು ವ್ಯತ್ಯಾಸ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಕುರಿ ಕಾಯುವವನು ಬೆಳಿಗ್ಗೆ ಹಟ್ಟಿಯಿಂದ ಬಿಟ್ಟ ಕುರಿ, ಸಂಜೆ ಮರಳಿದ ಕುರಿ ಎಣಿಸಿ ಒಂದು ಕಡಿಮೆಯಾದರೂ ಕೂಗು ಹಾಕುವಂತೆ, ಅದು ಒಂದು ತಂತಿಯಲ್ಲಿ ಹೋದ ವಿದ್ಯುತ್ತನ್ನೂ ಇನ್ನೊಂದರಲ್ಲಿ ಮರಳಿದ್ದನ್ನೂ ಹೋಲಿಸುತ್ತದೆ. 30 ಮಿಲಿಆಂಪಿನಷ್ಟು ದಾರಿ ತಪ್ಪಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಹೊಸ ಕೂಲರಿಗೆ ಕೊಡುವ ದುಡ್ಡಿನಲ್ಲಿ ಮೊದಲು ಇದನ್ನು ಹಾಕಿಸಿ ಎಂದೇ ನಾನು ಹೇಳುವುದು.

ಕೂಲರ್ ಕೊಳ್ಳುವಾಗ ಒಳಗಿನ ವೈರುಗಳು ತಗಡಿನ ತೂತು ದಾಟುವಲ್ಲಿ ರಬ್ಬರ್ ಉಂಗುರ ಇದೆಯೇ, ಹಸಿರು ವೈರ್ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದಾರೆಯೇ ಎಂದು ಬಾಗಿ ನೋಡಿ. ನೀರು ಹಾಕುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಚಿಗವ್ವನ ಕೂಲರಿಗೆ ಕೊನೆಗೆ ಹೊಸ ಪಂಪು ಹಾಕಿಸಿದೆವು. ಜುಂ ನಿಂತಿತು.

ನಕ್ಷತ್ರದ ಚೀಟಿ ಮತ್ತು 200 ಯೂನಿಟ್

ಫ್ರಿಜ್, ಎಸಿ, ಸೀಲಿಂಗ್ ಫ್ಯಾನುಗಳ ಮೇಲಿನ ನಕ್ಷತ್ರದ ಚೀಟಿ ಇಂಧನ ದಕ್ಷತಾ ಬ್ಯೂರೊದ್ದು. ನಕ್ಷತ್ರಕ್ಕಿಂತ ಅದರ ಮೇಲಿನ ಅವಧಿ ಮುಖ್ಯ. ಅಳತೆಗೋಲನ್ನು ಆಗಾಗ ಬಿಗಿ ಮಾಡುತ್ತಾರೆ, ಹಿಂದಿನ ಐದು ನಕ್ಷತ್ರ ಈಗ ಮೂರೋ ನಾಲ್ಕೋ ಆಗಿರಬಹುದು. ಫ್ರಿಜ್, ಎಸಿಯ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಇರುತ್ತದೆ, ಹೋಲಿಸಬೇಕಾದದ್ದು ಅದನ್ನೇ.

ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಇರುವ ಮನೆಯವರು ಎಸಿ ಕೊಳ್ಳುವ ಮುಂಚೆ ಲೆಕ್ಕ ಹಾಕಲೇಬೇಕು. 200 ವ್ಯಾಟಿನ ಕೂಲರ್ ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ 48 ಯೂನಿಟ್. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್ ಎಂದು ಹಿಡಿದರೂ 240. ತಿಂಗಳ ಬಳಕೆ 200 ಮೀರಿದರೆ ಮೀರಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ನಮ್ಮದು ಒಣ ಸೆಖೆ, ಕಿಟಕಿ ತೆರೆದಿಟ್ಟರೆ ಕೂಲರ್ ಇಲ್ಲಿ ಚೆನ್ನಾಗಿಯೇ ತಂಪು ಮಾಡುತ್ತದೆ. ಮಳೆ ಬಿದ್ದ ಮೇಲೆ ಅದು ಬರೀ ಫ್ಯಾನು.

ವಾರಂಟಿ ಯಾವುದರದು, ಯಾರದು

'10 ವರ್ಷ ವಾರಂಟಿ' ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವುದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ, ಇಡೀ ಫ್ರಿಜ್ಜಿಗೆ ಅಲ್ಲ. ಗ್ಯಾಸ್, ಕೂಲಿ ಸೇರಿದೆಯೇ ಎಂದು ಕಾರ್ಡಿನಲ್ಲಿ ಓದಬೇಕು. ಫೋನಿಗೆ ಒಂದು ವರ್ಷವಿದ್ದರೆ ಅದರ ಚಾರ್ಜರಿಗೆ ಆರೇ ತಿಂಗಳು ಇರಬಹುದು. "ನಮ್ಮ ವಾರಂಟಿ ಅದರೀ" ಎಂದು ಅಂಗಡಿಯವರು ಹೇಳುವುದು ಕಂಪನಿಯ ವಾರಂಟಿ ಅಲ್ಲ. ಬೇರೆ ದೇಶಕ್ಕೆಂದು ಮಾಡಿದ ಫೋನು ಇಲ್ಲಿ ಅಗ್ಗಕ್ಕೆ ಸಿಕ್ಕರೆ ಅದಕ್ಕೆ ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ವಾರಂಟಿ ಸಿಗದೆ ಹೋಗಬಹುದು.

ಸೆಕೆಂಡ್ ಹ್ಯಾಂಡ್ ಫೋನಾದರೆ ಮಾರುವವರ ಎದುರಿಗೇ ಅವರ ಗೂಗಲ್ ಅಥವಾ ಆಪಲ್ ಖಾತೆ ತೆಗೆಸಿ, ಪೂರ್ತಿ ಅಳಿಸಿ, ಮತ್ತೆ ಚಾಲೂ ಮಾಡಿಸಿ. ಖಾತೆ ಉಳಿದಿದ್ದರೆ ಅದರ ಪಾಸ್‌ವರ್ಡ್ ಕೇಳಿ ನಿಲ್ಲುತ್ತದೆ, ಆಗ ನಿಮ್ಮ ಕೈಯಲ್ಲಿರುವುದು ಗಾಜಿನ ಹಲಗೆ. ಕಂತು ಬಾಕಿ ಇರುವ ಕೆಲವು ಫೋನುಗಳಲ್ಲಿ ಸಾಲ ಕೊಟ್ಟವರ ಲಾಕ್ ಇರುತ್ತದೆ. ಮೂಲ ಬಿಲ್ ಕೇಳಿ.

ಬಡ್ಡಿಯಿಲ್ಲದ ಕಂತಿನ ಮಾತು ಚಿಕ್ಕದು. 15,000ದ ಫೋನಿಗೆ ನಗದು ಕೊಟ್ಟರೆ ಸಾವಿರ ಬಿಡುತ್ತಾರೆ, ಕಂತಿಗೆ ಬಿಡುವುದಿಲ್ಲ, ಮೇಲೆ 300 ರೂಪಾಯಿ ಶುಲ್ಕ, ಅದಕ್ಕೆ ಶೇ 18 ತೆರಿಗೆ ಎನ್ನಿ. 1,354 ಆಯಿತು. ಅದೇ ಬಡ್ಡಿ.

ಕೆಟ್ಟ ಮೇಲೆ ಎಲ್ಲಿಗೆ

'ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ' ಎಂಬ ಸಾಲು ಬಿಲ್ಲಿನ ಕೆಳಗಿದ್ದರೆ ಹೆದರಬೇಡಿ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದೂ ಅನುಚಿತ ವ್ಯಾಪಾರ. ದೋಷವಿರುವ ಮಾಲು ಎಂಬ ಮಾತು ಮುಖ್ಯ. ಬಣ್ಣ ಹಿಡಿಸಲಿಲ್ಲ ಎಂದರೆ ಈ ಕಾನೂನು ನಡೆಯುವುದಿಲ್ಲ. ಆನ್‌ಲೈನ್ ಖರೀದಿಯಾದರೆ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಕೊಂಡಿದ್ದರೆ ಕಲ್ಲು ಬಂತೋ ಫೋನ್ ಬಂತೋ ಎಂಬ ವಾದ ಬೇಗ ಮುಗಿಯುತ್ತದೆ.

ಮೊದಲ ಹೆಜ್ಜೆ ಕಂಪನಿಗೆ ದೂರು ಕೊಟ್ಟು ಅದರ ಸಂಖ್ಯೆ ಪಡೆಯುವುದು. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ತೊಂದರೆ ಶುರುವಾದ ಎರಡು ವರ್ಷದೊಳಗೆ ಕೊಡಬೇಕು. ಹೈದರಾಬಾದಿನಲ್ಲಿ ಕೊಂಡದ್ದಕ್ಕೆ ಹೈದರಾಬಾದಿಗೇ ಓಡಾಡಬೇಕಿಲ್ಲ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು.

ನನ್ನ ಫ್ರಿಜ್ ಅಲ್ಲಿವರೆಗೆ ಹೋಗಲಿಲ್ಲ. ದುಡ್ಡು ಫೋನಿನಿಂದ ಕಟ್ಟಿದ್ದರಿಂದ ಬ್ಯಾಂಕಿನ ಪಟ್ಟಿಯಲ್ಲಿ ತಾರೀಖು ಸಿಕ್ಕಿತು. ಆ ತಾರೀಖು ಹಿಡಿದು ಅಂಗಡಿಯ ಹುಡುಗಿ ಕಂಪ್ಯೂಟರಿನಲ್ಲಿ ಬಿಲ್ ಹುಡುಕಿ ಮತ್ತೆ ಅಚ್ಚು ಹಾಕಿ ಕೊಟ್ಟಳು, ಅದೇ ನುಣುಪು ಕಾಗದದ ಮೇಲೆ. ಕಂಪ್ರೆಸರ್ ಹೊಸದು ಬಂತು. ಗ್ಯಾಸಿನ ದುಡ್ಡು, ಕೂಲಿ ಮಾತ್ರ ನಾನೇ ಕೊಟ್ಟೆ. ಕಾರ್ಡಿನಲ್ಲಿ ಹಾಗೇ ಬರೆದಿತ್ತು.